ಎದೆಯೊಳಗಿನ ನೀರುಚೀಲ

ಎದೆಯ ಕ್ಷ-ಕಿರಣ ಚಿತ್ರವನ್ನು ನೀವು ಎಂದಾದರೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿರಬಹುದು. ಪಕ್ಕೆಲುಬುಗಳೂ ಹೃದಯವೂ ಬೆಳ್ಳಗೆ ಕಾಣುತ್ತವೆ. ಎರಡು ಪಕ್ಕದ ಶ್ವಾಸಕೋಶಗಳು ಕಪ್ಪಾಗಿ ಕಾಣುತ್ತವೆ. ಶ್ವಾಸಕೋಶದ ತುಂಬ ಗಾಳಿ. ಗಾಳಿಯನ್ನು ಕಿರಣ ತಡೆಯಿಲ್ಲದೆ ದಾಟುತ್ತದೆ, ಅದರಿಂದ ಆ ಕಪ್ಪು. ಈ ಕಪ್ಪಿನ ನಡುವೆ ಕೆಲವು ಸಲ, ಶಾಲೆಯ ಹುಡುಗ ಕೈವಾರವಿಟ್ಟು ಎಳೆದಂತೆ, ಅಂಚು ನಯವಾದ ದುಂಡು ಬಿಳಿಯ ಬಿಲ್ಲೆಯೊಂದು ಮೂಡುತ್ತದೆ. ಮನೆಯವರ ಎದೆ ಧಸಕ್ಕೆನ್ನುತ್ತದೆ. ಒಬ್ಬರು ಕ್ಷಯ ಎನ್ನುತ್ತಾರೆ, ಇನ್ನೊಬ್ಬರು ಮೆಲ್ಲಗೆ ಕ್ಯಾನ್ಸರಿನ ಹೆಸರೆತ್ತುತ್ತಾರೆ. ಎರಡೂ ಆಗಿರಬಹುದು, ಎರಡೂ ಅಲ್ಲದೆಯೂ ಇರಬಹುದು. ಆ ಬಿಲ್ಲೆ ಬರಿಯ ನೀರು ತುಂಬಿದ ಒಂದು ಚೀಲವಾಗಿರುವ ಸಂದರ್ಭವನ್ನು ಇಲ್ಲಿ ವಿವರಿಸಬೇಕೆಂದಿದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳಂಥ ಕುರಿಸೀಮೆಯಲ್ಲಿ ಇರುವವರಿಗೆ ಈ ಚೀಲದ ಸಂಗತಿ ದೂರದ್ದಲ್ಲ.

ಗೋಡೆ ಇದ್ದು ಒಳಗೆ ನೀರೋ ಲೋಳೆಯೋ ಗಾಳಿಯೋ ತುಂಬಿಕೊಂಡ ಗಂಟಿಗೆ ವೈದ್ಯರು ಸಿಸ್ಟ್ ಎನ್ನುತ್ತಾರೆ. ನಾವು ಚೀಲವೆನ್ನೋಣ. ಶ್ವಾಸಕೋಶದಲ್ಲಿ ಇಂಥವು ಹಲವು ಬಗೆ. ಕೆಲವು ಹುಟ್ಟಿನಿಂದಲೇ ಬಂದವು. ತಾಯಿಯ ಗರ್ಭದಲ್ಲಿ ಮಗುವಿನ ಶ್ವಾಸನಾಳ ಕವಲೊಡೆಯುವಾಗ ಒಂದು ಮೊಗ್ಗು ದಾರಿ ತಪ್ಪಿ ಬೇರೆಯಾಗಿ ಉಳಿದರೆ, ಅದು ಶ್ವಾಸನಾಳದಂಥದೇ ಒಳಪೊರೆ, ಮೃದ್ವಸ್ಥಿಯ ಚೂರುಗಳನ್ನು ಹೊತ್ತು, ಲೋಳೆ ತುಂಬಿದ ಚೀಲವಾಗುತ್ತದೆ. ಕೂಸುಗಳಿಗೆ ಒಂದು ಜಾತಿಯ ನ್ಯುಮೋನಿಯ ಆದ ಮೇಲೆ ಏಳುವ ಗಾಳಿಗುಳ್ಳೆಗಳು ಬಹುಮಟ್ಟಿಗೆ ಕೆಲವು ವಾರಗಳಲ್ಲೋ ತಿಂಗಳುಗಳಲ್ಲೋ ತಾವಾಗಿಯೇ ಮಾಯವಾಗುತ್ತವೆ. ಬೀಡಿ ಸಿಗರೇಟು ಸೇದಿ ಸೇದಿ ಗಾಳಿಗೂಡುಗಳ ಗೋಡೆ ಹರಿದು ಒಂದಾಗಿ ಉಬ್ಬುವ ದೊಡ್ಡ ಗುಳ್ಳೆಗಳು ಬೇರೆ, ಅವು ಮಾಯವಾಗುವುದಿಲ್ಲ.

ಇವೆಲ್ಲವೂ ‘ಸಾಧು’ ಗಂಟುಗಳ ಪಂಕ್ತಿಗೆ ಸೇರಿದವು. ಸಾಧು ಎಂದರೆ ಕ್ಯಾನ್ಸರ್ ಅಲ್ಲ ಎಂದಷ್ಟೇ ಅರ್ಥ. ಸಾಧುವಾದ ಹಸುವೂ ಹೊಲ ಮೇಯುತ್ತದೆ, ಎದೆಯ ಮೇಲೆ ಕಾಲಿಟ್ಟರೆ ಪಕ್ಕೆಲುಬು ಮುರಿಯುತ್ತದೆ. ಈ ಮಾತನ್ನು ನೆನಪಿನಲ್ಲಿಟ್ಟುಕೊಂಡು, ಇವುಗಳಲ್ಲೆಲ್ಲ ವಿಚಿತ್ರವಾದ ಹೈಡಾಟಿಡ್ ಚೀಲದ ಕಡೆಗೆ ಬರೋಣ. ಗ್ರೀಕ್ ಭಾಷೆಯಲ್ಲಿ ಆ ಹೆಸರಿಗೆ ನೀರಿನ ಗುಳ್ಳೆ ಎಂದೇ ಅರ್ಥ. ಬೇರೆ ಚೀಲಗಳು ನಮ್ಮ ದೇಹದವೇ. ಇದು ಮಾತ್ರ ಒಂದು ಹುಳುವಿನ ಮರಿ.

ಹುಳುವಿನ ಹೆಸರು ಎಕಿನೋಕಾಕಸ್. ಲಾಡಿಹುಳುವಿನ ಕುಲದ್ದು. ಆದರೆ ಗಜಗಟ್ಟಲೆ ಉದ್ದದ ಲಾಡಿಯನ್ನು ಮನಸ್ಸಿಗೆ ತಂದುಕೊಳ್ಳಬೇಡಿ. ಇದರ ಉದ್ದ 3ರಿಂದ 6 ಮಿಲಿಮೀಟರು, ಒಂದು ಅಕ್ಕಿಕಾಳಿನಷ್ಟಿದ್ದರೆ ಹೆಚ್ಚು. ಒಂದು ತಲೆ, ಹಿಂದೆ ಮೂರು ನಾಲ್ಕು ಗೆಣ್ಣು. ಇದರ ವಾಸ ನಾಯಿಯ ಸಣ್ಣ ಕರುಳಿನಲ್ಲಿ. ಸಾವಿರಾರು ಹುಳುಗಳು ಒಟ್ಟಿಗೆ ಇದ್ದರೂ ನಾಯಿಗೆ ಏನೂ ಆಗದು. ಬಾಲ ಅಲ್ಲಾಡಿಸಿಕೊಂಡು ಆರೋಗ್ಯವಾಗಿಯೇ ತಿರುಗುತ್ತದೆ. ಕೊನೆಯ ಗೆಣ್ಣಿನಲ್ಲಿ ನೂರಾರು ಮೊಟ್ಟೆ ಬಲಿತು, ಗೆಣ್ಣು ಕಳಚಿ, ನಾಯಿಯ ಮಲದೊಡನೆ ಹೊರಬೀಳುತ್ತದೆ. ಮೊಟ್ಟೆ ಕಣ್ಣಿಗೆ ಕಾಣುವಂಥದಲ್ಲ. ಹುಲ್ಲಿನ ಮೇಲೆ, ಮಣ್ಣಿನಲ್ಲಿ, ಕುಂಟೆಯ ನೀರಿನಲ್ಲಿ, ನಾಯಿಯ ಮೈತುಪ್ಪಟದಲ್ಲೂ ಅದು ಅಂಟಿಕೊಂಡಿರುತ್ತದೆ. ತಂಪೂ ತೇವವೂ ಇದ್ದರೆ ತಿಂಗಳುಗಟ್ಟಲೆ ಬದುಕುತ್ತದೆ. ಒಣ ಬಿಸಿಲು ಅದಕ್ಕಾಗದು. ಬಯಲುಸೀಮೆಯ ಬಿಸಿಲು ನಮ್ಮ ಮೇಲೆ ಮಾಡುವ ಕೆಲವೇ ಉಪಕಾರಗಳಲ್ಲಿ ಇದೂ ಒಂದು. ಆದರೆ ಬಾವಿಯ ಬದಿಯ ಸೊಪ್ಪಿನ ಮಡಿಯಲ್ಲಿ ಬಿಸಿಲಿನ ಆಟ ನಡೆಯುವುದಿಲ್ಲ.

ಈ ಹುಲ್ಲನ್ನು ಕುರಿ ಮೇಯುತ್ತದೆ. ಮೊಟ್ಟೆ ಒಡೆದು, ಒಳಗಿನ ಭ್ರೂಣ ಆರು ಕೊಕ್ಕೆಗಳಿಂದ ಕರುಳಿನ ಗೋಡೆಯನ್ನು ಕೊರೆದು ರಕ್ತಕ್ಕೆ ಇಳಿಯುತ್ತದೆ. ಕರುಳಿನ ರಕ್ತ ಮೊದಲು ಹೋಗುವುದು ಈಲಿಗೆ, ಎಂದರೆ ಯಕೃತ್ತಿಗೆ. ಬಹುಪಾಲು ಅಲ್ಲಿಯೇ ಸಿಕ್ಕಿಕೊಳ್ಳುತ್ತವೆ. ಆ ಜರಡಿಯಿಂದ ನುಸುಳಿದವು ಹೃದಯದ ಬಲಭಾಗವನ್ನು ಹಾದು ಎರಡನೆಯ ಜರಡಿಯಾದ ಶ್ವಾಸಕೋಶದಲ್ಲಿ ನಿಲ್ಲುತ್ತವೆ. ಅಲ್ಲಿ ಕೊಕ್ಕೆಗಳನ್ನು ಬಿಟ್ಟು, ಉಬ್ಬಿ, ನೀರುಚೀಲವಾಗುತ್ತದೆ. ಕುರಿ ಕೊಯ್ದ ದಿನ ಈಲಿಯಲ್ಲೋ ಶ್ವಾಸಕೋಶದಲ್ಲೋ ಆ ಗುಳ್ಳೆಯನ್ನು ಕಂಡು ‘ಇದು ಬೇಡ’ ಎಂದು ನಾಯಿಗೆ ಎಸೆಯುತ್ತಾರೆ. ನಾಯಿ ಗುಳ್ಳೆಯನ್ನು ನುಂಗುತ್ತದೆ. ಗುಳ್ಳೆಯೊಳಗೆ ಬೀಜದಂತೆ ಕಾದಿದ್ದ ಲಕ್ಷಗಟ್ಟಲೆ ತಲೆಗಳು ಕರುಳಿಗೆ ಕಚ್ಚಿಕೊಂಡು, ಸುಮಾರು ಆರೇಳು ವಾರಗಳಲ್ಲಿ ಮೊಟ್ಟೆಯಿಡುವ ಹುಳುಗಳಾಗುತ್ತವೆ. ಇಲ್ಲಿಗೆ ಚಕ್ರ ಒಂದು ಸುತ್ತು ಬಂತು. ಇದನ್ನು ಪ್ರಯೋಗದಿಂದ ತೋರಿಸಿದವರು ಜರ್ಮನಿಯ ಫಾನ್ ಸೀಬೋಲ್ಡ್. 1850ರ ದಶಕದ ಮೊದಲಲ್ಲಿ ಕುರಿಯ ನೀರುಗುಳ್ಳೆಗಳನ್ನು ನಾಯಿಗಳಿಗೆ ತಿನ್ನಿಸಿ, ಅವುಗಳ ಕರುಳಿನಲ್ಲಿ ಹುಳುವನ್ನು ಕಂಡರು. ಅದಕ್ಕೆ ಹಿಂದೆ ಹುಳುವೂ ಗುಳ್ಳೆಯೂ ಒಂದೇ ಜೀವಿಯ ಎರಡು ವೇಷಗಳೆಂದು ಯಾರಿಗೆ ತಾನೆ ತೋರಬೇಕು?

ಮನುಷ್ಯನಿಗೆ ಈ ಚಕ್ರದಲ್ಲಿ ಸ್ಥಾನವಿಲ್ಲ. ಕರೆಯದೆ ಬಂದ ನೆಂಟನಂತೆ ನಡುವೆ ನುಗ್ಗಿ, ಕುರಿಯ ಪಾಲಿನ ಮೊಟ್ಟೆಯನ್ನು ತಾನು ನುಂಗುತ್ತಾನೆ. ನಾಯಿಯೊಡನೆ ಆಡಿದ ಮಗು ಕೈ ತೊಳೆಯದೆ ಮಂಡಕ್ಕಿ ತಿನ್ನುತ್ತದೆ. ತೊಳೆಯದ ಕೊತ್ತಂಬರಿ ಕೋಸಂಬರಿಗೆ ಬೀಳುತ್ತದೆ. ಅಷ್ಟು ಸಾಕು. ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಬೇಕು. ಗುಳ್ಳೆಯಿದ್ದ ಕುರಿಯ ಮಾಂಸ ತಿಂದು ಮನುಷ್ಯನಿಗೆ ಈ ರೋಗ ಬರುವುದಿಲ್ಲ. ಗುಳ್ಳೆಯಿಂದ ನಾಯಿಗೆ, ನಾಯಿಯ ಮೊಟ್ಟೆಯಿಂದ ನಮಗೆ, ದಾರಿ ಇದೊಂದೇ. ಆದ್ದರಿಂದ ಮಾಂಸದ ಗಾಳಿಯೂ ಸೋಕದ ಮನೆಗಳಲ್ಲೂ ಈ ಚೀಲ ಕಾಣಿಸಿಕೊಳ್ಳಬಲ್ಲದು. ರೋಗಿಯಿಂದ ಮತ್ತೊಬ್ಬರಿಗೂ ಇದು ಅಂಟದು. ತಟ್ಟೆ ಲೋಟ ಬೇರೆ ಇಡಬೇಕಾದ್ದಿಲ್ಲ.

ಈಗ ನಮ್ಮ ಸೀಮೆಯನ್ನು ನೋಡಿ. ರಾಜ್ಯದಲ್ಲಿ ಕುರಿ ಹೆಚ್ಚಾಗಿರುವ ಜಿಲ್ಲೆಗಳಲ್ಲಿ ತುಮಕೂರು ಒಂದು. ಅದರಲ್ಲೂ ಈ ಒಣ ತಾಲ್ಲೂಕುಗಳು. ಶಿರಾ ಪಾವಗಡಗಳ ಗೊಲ್ಲರ ಹಟ್ಟಿ, ಕುರುಬರ ಕೇರಿಗಳಲ್ಲಿ ರೊಪ್ಪವೇ ಬದುಕು. ಕಡಲೆಕಾಯಿ ಕಿತ್ತ ಹೊಲಗಳಲ್ಲಿ ಗೊಬ್ಬರಕ್ಕೆಂದು ಮಂದೆ ನಿಲ್ಲಿಸುತ್ತಾರೆ. ಮಂದೆಯ ಹಿಂದೆ ಕಾವಲಿನ ನಾಯಿ ಇದ್ದೇ ಇರುತ್ತದೆ. ‘ನಾವು ಪೇಟೆಯವರು, ನಮಗೂ ರೊಪ್ಪಕ್ಕೂ ಏನು?’ ಎನ್ನುತ್ತೀರಾ? ಯುಗಾದಿಯ ಮಾರನೆಯ ದಿನ, ಹೊಸತೊಡಕಿನ ಬೆಳಗ್ಗೆ, ಕೇರಿಯ ಹತ್ತು ಮನೆಯವರು ಸೇರಿ ಹೊಂಗೆಮರದ ಕೆಳಗೆ ಗುಡ್ಡೆಬಾಡು ಹಾಕುವುದನ್ನು ನೀವು ಕಂಡಿದ್ದೀರಿ. ಮುತ್ತುಗದ ಎಲೆಯ ಮೇಲೆ ಪಾಲುಗಳು ಸಮನಾಗಿ ಬೀಳುತ್ತವೆ; ತೂಕದಲ್ಲಿ ತೊಲದಷ್ಟೂ ವ್ಯತ್ಯಾಸವಾಗಕೂಡದು. ಬೇಡವಾದ ಭಾಗಕ್ಕೆ ಮಾತ್ರ ಲೆಕ್ಕವಿಲ್ಲ. ಅದನ್ನು ಕಾದು ಸುತ್ತಲೂ ಅರ್ಧ ವೃತ್ತದಲ್ಲಿ ಕುಳಿತ ನಾಯಿಗಳಿಗೆ ಅದು ಸಲ್ಲುತ್ತದೆ. ಪೇಟೆಯ ಬೀದಿನಾಯಿಗೂ ಹಟ್ಟಿಯ ಕಾವಲುನಾಯಿಗೂ ಈ ವಿಷಯದಲ್ಲಿ ಭೇದವಿಲ್ಲ. ಭಾರತದಲ್ಲಿ ಈ ರೋಗವನ್ನು ಕುರಿತ ವರದಿಗಳು ಆಂಧ್ರ, ತಮಿಳುನಾಡು, ಕಾಶ್ಮೀರಗಳಿಂದ ಹೆಚ್ಚಾಗಿ ಬಂದಿವೆ. ಪಾವಗಡದ ನೆರೆಯೇ ಆಂಧ್ರ, ಮೇಯುವ ಮಂದೆಗೆ ಗಡಿಕಲ್ಲು ಕಾಣುವುದಿಲ್ಲ.

ಮನುಷ್ಯರಲ್ಲಿ ನೂರಕ್ಕೆ ಎಪ್ಪತ್ತರಷ್ಟು ಚೀಲಗಳು ಈಲಿಯಲ್ಲಿ, ಇಪ್ಪತ್ತರಷ್ಟು ಶ್ವಾಸಕೋಶದಲ್ಲಿ. ಮಕ್ಕಳಲ್ಲಿ ಶ್ವಾಸಕೋಶದ ಪಾಲು ಹೆಚ್ಚು. ಎಡಕ್ಕಿಂತ ಬಲಗಡೆ, ಮೇಲಿಗಿಂತ ಕೆಳಗಿನ ಹಾಲೆಯಲ್ಲಿ ಹೆಚ್ಚು. ಶ್ವಾಸಕೋಶ ಸ್ಪಂಜಿನಂತೆ ಮೆತ್ತಗಿರುವುದರಿಂದ ಚೀಲಕ್ಕೆ ಅಡ್ಡಿಯಿಲ್ಲ. ಈಲಿಯಲ್ಲಿರುವುದಕ್ಕಿಂತ ಇಲ್ಲಿ ಬೇಗ ಬೆಳೆಯುತ್ತದೆ. ನಿಂಬೆಹಣ್ಣು ಕಿತ್ತಳೆಯಾಗಿ, ಕಿತ್ತಳೆ ತೆಂಗಿನಕಾಯಾಗುವಷ್ಟು.

ಚೀಲದ ಗೋಡೆಗೆ ಮೂರು ಪದರ. ಹೊರಗಿನದು ಚೀಲದ್ದಲ್ಲ, ನಮ್ಮದು. ಬೇಡದ ವಸ್ತುವೊಂದು ಒಳಗೆ ಕುಳಿತಾಗ ದೇಹ ಅದರ ಸುತ್ತ ಕಟ್ಟುವ ನಾರಿನ ಬೇಲಿ ಅದು. ಶ್ವಾಸಕೋಶದಲ್ಲಿ ಈ ಬೇಲಿ ತೆಳು. ಅದರೊಳಗೆ ಹುಳುವಿನ ಸ್ವಂತ ಗೋಡೆ: ಒಂದು ಎರಡು ಮಿಲಿಮೀಟರು ದಪ್ಪ, ಹಾಲುಬಿಳುಪು, ಕೈಗೆ ಮೆತುವಾಗಿ ಜಾರುವಂಥದು. ಸಿಪ್ಪೆ ಸುಲಿದ ತಾಟಿನಿಂಗನ್ನು ನೆನೆಸಿಕೊಂಡರೆ ಸರಿಹೋಗುತ್ತದೆ. ಸೂಕ್ಷ್ಮದರ್ಶಕದಲ್ಲಿ ಅದು ಈರುಳ್ಳಿಯಂತೆ ಪದರ ಪದರವಾಗಿ ಕಾಣುತ್ತದೆ. ಜೀವಕೋಶಗಳಿಲ್ಲದ ಗೋಡೆ, ರೋಗವಿಜ್ಞಾನಿ ಇದನ್ನು ಕಂಡೊಡನೆ ಇನ್ನೊಂದು ಪರೀಕ್ಷೆ ಬೇಕೆನ್ನುವುದಿಲ್ಲ. ಮೂರನೆಯದು, ತೀರ ಒಳಗಿನದು, ಉಸಿರು ತಾಗಿದರೆ ಹರಿಯುವಷ್ಟು ತೆಳುವಾದ ಜೀವಂತ ಪೊರೆ. ಮಿಕ್ಕದ್ದನ್ನೆಲ್ಲ ಹುಟ್ಟಿಸುವುದು ಇದೇ. ಹೊರಮುಖಕ್ಕೆ ಬಿಳಿಯ ಗೋಡೆಯನ್ನು ಕಟ್ಟುತ್ತದೆ. ಒಳಮುಖಕ್ಕೆ ನೀರನ್ನೂ ಸಣ್ಣ ಸಣ್ಣ ಮೊಗ್ಗುಗಳನ್ನೂ ಬಿಡುತ್ತದೆ. ಒಂದೊಂದು ಮೊಗ್ಗಿನಲ್ಲಿಯೂ ಮುಂದಿನ ಹುಳುಗಳ ತಲೆಗಳು. ಮೊಗ್ಗು ಒಡೆದು ಕೆಳಗೆ ಬಿದ್ದವು ಸಣ್ಣ ಮರಳಿನಂತೆ ತಳದಲ್ಲಿ ಕೂಡುತ್ತವೆ. ಮೇಲಿನ ನೀರೋ, ಬಂಡೆಯ ದೊಣೆಯ ನೀರಿನಷ್ಟು ತಿಳಿ. ಆ ತಿಳಿನೀರಿನಲ್ಲಿ ಕರಗಿರುವ ಹುಳುವಿನ ಸಸಾರಜನಕಗಳು ಮಾತ್ರ ನಮ್ಮ ರಕ್ತಕ್ಕೆ ತೀರ ಪರಕೀಯ.

ಇಷ್ಟೆಲ್ಲ ಒಳಗೆ ನಡೆಯುತ್ತಿದ್ದರೂ ಎಷ್ಟೋ ವರ್ಷ ಹೊರಗೆ ಏನೂ ತಿಳಿಯದು. ಬೇರೊಂದು ಕಾರಣಕ್ಕೆ ತೆಗೆದ ಚಿತ್ರದಲ್ಲಿ ಅಕಸ್ಮಾತ್ತಾಗಿ ಕಾಣುವುದೂ ಉಂಟು. ದೊಡ್ಡದಾದಂತೆ ಒಣಕೆಮ್ಮು, ಒಂದು ಪಕ್ಕದಲ್ಲಿ ಭಾರ ಅಥವಾ ನೋವು, ಆಗಾಗ ಕಫದಲ್ಲಿ ರಕ್ತದ ಎಳೆ. ಮುಂದೆ ಒಂದು ದಿನ, ಚೀಲದ ಒತ್ತಡಕ್ಕೆ ಪಕ್ಕದ ಶ್ವಾಸನಾಳದ ಗೋಡೆ ಸವೆದು, ನಮ್ಮ ಬೇಲಿಗೂ ಹುಳುವಿನ ಗೋಡೆಗೂ ನಡುವೆ ಗಾಳಿ ನುಸುಳುತ್ತದೆ. ಆಗ ಚಿತ್ರದಲ್ಲಿ ಬಿಳಿ ಬಿಲ್ಲೆಯ ಮೇಲಂಚಿನಲ್ಲಿ ಬಿದಿಗೆಯ ಚಂದ್ರನಂತೆ ಕಪ್ಪು ಗೆರೆಯೊಂದು ಮೂಡುತ್ತದೆ. ಅದು ಒಡೆಯುವುದರ ಮುನ್ಸೂಚನೆ. ಒಡೆದರೆ ರೋಗಿ ಕೆಮ್ಮಿ ಕೆಮ್ಮಿ ಬಾಯಿತುಂಬ ಉಪ್ಪುಪ್ಪಾದ ತಿಳಿನೀರು ಉಗುಳುತ್ತಾನೆ. ಜೊತೆಗೆ ದ್ರಾಕ್ಷಿಯ ಸಿಪ್ಪೆಯಂಥ ಬಿಳಿಯ ಚೂರುಗಳು ಬೀಳಬಹುದು. ಅರ್ಧ ಖಾಲಿಯಾದ ಚೀಲದ ನೀರಿನ ಮೇಲೆ ಮುದುಡಿದ ಗೋಡೆ ತೇಲುವುದು ಚಿತ್ರದಲ್ಲಿ ಕಾಣುತ್ತದೆ. ಪಾಶ್ಚಾತ್ಯ ವೈದ್ಯರು ಅದಕ್ಕೆ ನೈದಿಲೆಯ ಹೆಸರಿಟ್ಟಿದ್ದಾರೆ. ಕೆರೆಯಲ್ಲಿ ತಾವರೆ ಎಲೆ ಕಂಡವರಿಗೆ ವಿವರಿಸಬೇಕಾಗಿಲ್ಲ.

ಒಡೆದದ್ದು ನೀರೆಲ್ಲ ಹೊರಹೋಗಿ ತಾನೇ ವಾಸಿಯಾಗುವ ಅದೃಷ್ಟವಂತರು ಇದ್ದಾರೆ. ಆದರೆ ಅದನ್ನು ನಂಬಿ ಕೂರುವಂತಿಲ್ಲ. ಆ ಪರಕೀಯ ನೀರು ಒಮ್ಮೆಗೇ ರಕ್ತಕ್ಕೆ ಸಂಬಂಧಿಸಿತೆಂದರೆ ಮೈಯೆಲ್ಲ ದದ್ದು, ಉಸಿರುಕಟ್ಟು, ರಕ್ತದೊತ್ತಡದ ಕುಸಿತ. ಕೆಲವೇ ನಿಮಿಷಗಳಲ್ಲಿ ಜೀವಕ್ಕೇ ಸಂಚಕಾರ ಬರಬಹುದು. ಒಳಗೆ ಉಳಿದ ಗೋಡೆ ಕೊಳೆತು ಕೀವಾಗಬಹುದು. ಎದೆಯ ಪೊರೆಯ ಕಡೆಗೆ ಒಡೆದರೆ ಬಿದ್ದ ತಲೆಗಳು ಹೊಸ ಚೀಲಗಳಾಗಿ ಮೊಳೆಯಬಹುದು.

ಕೆಮ್ಮು, ರಕ್ತದ ಎಳೆ, ಚಿತ್ರದಲ್ಲಿ ನೆರಳು: ಇವಿಷ್ಟೂ ಕ್ಷಯದ ಗುರುತುಗಳೂ ಹೌದು. ತುಮಕೂರು ಜಿಲ್ಲೆಗೂ ಎದೆಯ ಚಿತ್ರಕ್ಕೂ ಹಳೆಯ ನಂಟಿದೆ. 1959ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು 1960-61ರಲ್ಲಿ ಕ್ಷಯದ ಸಮೀಕ್ಷೆ ನಡೆಸಿದ್ದು ಇದೇ ಜಿಲ್ಲೆಯಲ್ಲಿ. ಇಲ್ಲಿಯ ರೋಗಿಗಳನ್ನೇ ಮಾತನಾಡಿಸಿ ಬ್ಯಾನರ್ಜಿ, ಆಂಡರ್ಸನ್ ಎಂಬಿಬ್ಬರು 1963ರಲ್ಲಿ ಪ್ರಕಟಿಸಿದ ಅಧ್ಯಯನ ವೈದ್ಯಲೋಕದಲ್ಲಿ ಹೆಸರಾಯಿತು. ಹಳ್ಳಿಯವರು ಕೆಮ್ಮನ್ನು ಲೆಕ್ಕಿಸುವುದಿಲ್ಲ ಎಂಬ ಭಾವನೆ ಸುಳ್ಳೆಂದೂ, ರೋಗಿಗಳಲ್ಲಿ ಅರ್ಧದಷ್ಟು ಮಂದಿ ತಾವಾಗಿಯೇ ಆಸ್ಪತ್ರೆಗೆ ಹೋಗಿದ್ದರೆಂದೂ ಅದು ತೋರಿಸಿತು. ಹೋದವರಿಗೆ ಸಿಕ್ಕಿದ್ದು ಬಹುಮಟ್ಟಿಗೆ ಕೆಮ್ಮಿನ ಔಷಧಿಯ ಸೀಸೆ! ಕ್ಷಯವನ್ನು ತೀರ್ಮಾನಿಸಲು ನೆರಳೊಂದೇ ಸಾಲದು, ಕಫದಲ್ಲಿ ರೋಗಾಣುವನ್ನು ಹುಡುಕಬೇಕು ಎಂಬ ಪದ್ಧತಿ ನೆಲೆಗೊಂಡಿತು. ನಮ್ಮ ವಿಷಯಕ್ಕೂ ಇದು ಸಲ್ಲುತ್ತದೆ. ಎರಡು ವಾರಕ್ಕೆ ಮೀರಿದ ಕೆಮ್ಮಿಗೆ ಮೊದಲು ಕಫಪರೀಕ್ಷೆ ಆಗಲೇಬೇಕು, ಏಕೆಂದರೆ ನಮ್ಮಲ್ಲಿ ಕ್ಷಯವೇ ಹೆಚ್ಚು. ಕಫದಲ್ಲಿ ಏನೂ ಇಲ್ಲದೆ, ಜ್ವರವೂ ಇಲ್ಲದೆ, ಚಿತ್ರದಲ್ಲಿ ದುಂಡು ಬಿಲ್ಲೆಯಿದ್ದು, ಮನೆಯಲ್ಲೋ ಕೇರಿಯಲ್ಲೋ ಕುರಿ ನಾಯಿಗಳ ಒಡನಾಟವಿದ್ದರೆ, ಆ ಒಡನಾಟದ ಸಂಗತಿಯನ್ನು ವೈದ್ಯರಿಗೆ ನೀವಾಗಿಯೇ ಹೇಳಿ. ಅವರು ಕೇಳಲಿಲ್ಲವೆಂದು ಸುಮ್ಮನಿರಬೇಡಿ. ಆರು ತಿಂಗಳು ಕ್ಷಯದ ಮಾತ್ರೆ ನುಂಗಿದರೂ ಕರಗದ ಬಿಲ್ಲೆಗೆ, ಮೊದಲ ದಿನದ ಆ ಒಂದು ಮಾತು ದಾರಿ ತೋರಬಲ್ಲದು.

ಮುಂದಿನ ಪರೀಕ್ಷೆ ಸಿ.ಟಿ. ಸ್ಕ್ಯಾನ್, ಅದರಲ್ಲಿ ಬಿಲ್ಲೆಯ ಒಳಗೆ ಗಟ್ಟಿ ಮಾಂಸವೋ ನೀರೋ ಎಂಬುದು ಸ್ಪಷ್ಟವಾಗುತ್ತದೆ. ರಕ್ತದಲ್ಲಿ ಹುಳುವಿನ ವಿರುದ್ಧ ಪ್ರತಿಕಾಯಗಳಿವೆಯೇ ಎಂದೂ ನೋಡುತ್ತಾರೆ. ಒಡೆಯದ ಚೀಲ ತನ್ನ ಗೋಡೆಯೊಳಗೆ ಗುಟ್ಟಾಗಿ ಕುಳಿತಿರುವುದರಿಂದ ಈ ಪರೀಕ್ಷೆ ಇಲ್ಲವೆಂದರೂ ನಂಬುವಂತಿಲ್ಲ. ಹೊಟ್ಟೆಯ ಅಲ್ಟ್ರಾಸೌಂಡನ್ನೂ ಮಾಡಿಸುತ್ತಾರೆ, ಈಲಿಯಲ್ಲಿ ಇನ್ನೊಂದು ಇರಬಹುದೆಂದು. ಸಂಶಯದ ಗಂಟಿಗೆ ಸೂಜಿ ಚುಚ್ಚಿ ಒಂದಿಷ್ಟು ಹೊರತೆಗೆದು ನೋಡುವುದು ವೈದ್ಯರ ವಾಡಿಕೆ. ಶ್ವಾಸಕೋಶದ ನೀರುಚೀಲದಲ್ಲಿ ಅದು ಸಲ್ಲದು. ಸೂಜಿಯ ತೂತಿನಿಂದ ಸೋರಿದ ನೀರು ಮಾಡುವ ಅನಾಹುತವನ್ನು ಆಗಲೇ ಹೇಳಿದ್ದಾಗಿದೆ.

ಶ್ವಾಸಕೋಶದ ಚೀಲಕ್ಕೆ ಮುಖ್ಯ ಚಿಕಿತ್ಸೆ ಶಸ್ತ್ರಕ್ರಿಯೆ. ಎದೆಯನ್ನು ತೆರೆದು, ಚೀಲದ ಸುತ್ತ ಗಡುಸಾದ ಉಪ್ಪುನೀರಿನಲ್ಲಿ ಅದ್ದಿದ ಬಟ್ಟೆಗಳನ್ನು ಹಾಸುತ್ತಾರೆ. ತೊಟ್ಟು ಸೋರಿದರೂ ಹುಳುವಿನ ತಲೆಗಳು ಉಪ್ಪಿಗೆ ಸಾಯಲೆಂದು. ಬಳಿಕ ನಮ್ಮ ದೇಹ ಕಟ್ಟಿದ ಬೇಲಿಯನ್ನು ಮಾತ್ರ ನಾಜೂಕಾಗಿ ಸೀಳುತ್ತಾರೆ. ಆ ಹೊತ್ತಿಗೆ ಅರಿವಳಿಕೆಯ ವೈದ್ಯರು ಶ್ವಾಸಕೋಶಕ್ಕೆ ಮೆಲ್ಲಗೆ ಗಾಳಿ ತುಂಬುತ್ತಾರೆ; ಉಬ್ಬಿದ ಶ್ವಾಸಕೋಶ ಹಿಂದಿನಿಂದ ತಳ್ಳಿದಂತೆ, ತಾಟಿನಿಂಗು ಚಿಪ್ಪಿನಿಂದ ಜಾರುವ ರೀತಿ ಬಿಳಿಯ ಚೀಲ ಇಡಿಯಾಗಿ ಬಟ್ಟಲಿಗೆ ಜಾರುತ್ತದೆ. ಉಳಿದ ಕುಳಿಯಲ್ಲಿ ಗಾಳಿ ಸೋರುವ ಸಣ್ಣ ಬಾಯಿಗಳನ್ನು ಹೊಲಿದು ಮುಚ್ಚುತ್ತಾರೆ. ದೊಡ್ಡ ಚೀಲವನ್ನು ಮೊದಲು ಸೂಜಿಯಿಂದ ಬರಿದುಮಾಡಿ ತೆಗೆಯುವುದೂ ಉಂಟು, ಆದರೆ ಅದು ಎದೆ ತೆರೆದು ಎಲ್ಲ ರಕ್ಷಣೆ ಮಾಡಿಕೊಂಡ ಮೇಲೆ ಮಾತ್ರ. ಶ್ವಾಸಕೋಶದ ಅಂಶವನ್ನು ಸಾಧ್ಯವಿದ್ದಷ್ಟೂ ಕತ್ತರಿಸದೆ ಉಳಿಸುವುದೇ ಜಾಣತನ, ಮಕ್ಕಳಲ್ಲಂತೂ ಇನ್ನೂ. ಒತ್ತಿಹೋಗಿದ್ದ ಭಾಗ ಮತ್ತೆ ಅರಳಿಕೊಳ್ಳುತ್ತದೆ.

ಆಲ್ಬೆಂಡಜೋಲ್ ಎಂಬ ಮಾತ್ರೆಯನ್ನು ನೀವು ಬಲ್ಲಿರಿ. 2015ರಿಂದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಶಾಲೆಯ ಮಕ್ಕಳಿಗೆ ಕೊಡುವುದು ಅದನ್ನೇ. ಚಿಕ್ಕ ಚೀಲಗಳಿಗೆ, ಶಸ್ತ್ರಕ್ರಿಯೆ ಆಗದವರಿಗೆ, ಶಸ್ತ್ರಕ್ರಿಯೆಯ ನಂತರ ಮತ್ತೆ ಮೊಳೆಯದಂತೆ, ಇದು ಉಪಯೋಗಕ್ಕೆ ಬರುತ್ತದೆ. ಆದರೆ ಶಾಲೆಯ ಒಂದು ಮಾತ್ರೆ ಇಲ್ಲಿ ಏನೂ ಮಾಡದು. ತಿಂಗಳುಗಟ್ಟಲೆ, ಈಲಿಯ ಸ್ಥಿತಿಯನ್ನೂ ರಕ್ತವನ್ನೂ ಪರೀಕ್ಷಿಸುತ್ತ ಕೊಡಬೇಕು. ದೊಡ್ಡ ಚೀಲಕ್ಕೆ ಶಸ್ತ್ರಕ್ರಿಯೆಗೆ ಮುಂಚೆಯೇ ಕೊಟ್ಟರೆ ಗೋಡೆ ಸಡಿಲವಾಗಿ ಒಡೆಯುವ ಭಯವೂ ಇದೆ. ಔಷಧಿಯಂಗಡಿಯಲ್ಲಿ ನೀವೇ ಕೇಳಿ ತರುವ ಮಾತ್ರೆ ಇದಲ್ಲ.

ದೂರದ ಐಸ್‌ಲೆಂಡಿನ ಕಥೆ ಇಲ್ಲಿ ಹೇಳತಕ್ಕದ್ದು. ಕುರಿಯೇ ಬದುಕಾದ ಆ ಹಿಮದ್ವೀಪದಲ್ಲಿ ಈ ರೋಗ ಮನೆಮನೆಯ ಪಿಡುಗಾಗಿತ್ತು. 1863ರಲ್ಲಿ ಡೆನ್ಮಾರ್ಕಿನಿಂದ ಹೋದ ಹರಾಲ್ಡ್ ಕ್ರಾಬೆ ಎಂಬ ವಿಜ್ಞಾನಿ ಅಲ್ಲಿಯ 100 ನಾಯಿಗಳನ್ನು ಕೊಯ್ದು ನೋಡಿ, 28ರಲ್ಲಿ ಹುಳುವನ್ನು ಕಂಡ. ಮರುವರ್ಷ ಜನರ ಮಾತಿನಲ್ಲೇ ಒಂದು ಕಿರುಹೊತ್ತಗೆ ಅಚ್ಚಾಗಿ ಮನೆಮನೆಗೆ ಬಿಟ್ಟಿಯಾಗಿ ಹಂಚಲ್ಪಟ್ಟಿತು. ಉದ್ದನೆಯ ಚಳಿಗಾಲದ ರಾತ್ರಿಗಳಲ್ಲಿ ಒಬ್ಬರು ಗಟ್ಟಿಯಾಗಿ ಓದುವುದು, ಮನೆಯವರೆಲ್ಲ ಉಣ್ಣೆಯ ಕೆಲಸ ಮಾಡುತ್ತ ಕೇಳುವುದು ಅಲ್ಲಿಯ ರೂಢಿ. ರೇಡಿಯೋ ಹುಟ್ಟುವ ಮುನ್ನಿನ ರೇಡಿಯೋ ಎನ್ನಿ. ನಾಯಿಗೆ ಗುಳ್ಳೆ ಹಾಕಬಾರದು, ಹೂಳಬೇಕು ಅಥವಾ ಸುಡಬೇಕು, ನಾಯಿಗೆ ಹುಳುವಿನ ಔಷಧಿ ಕೊಡಬೇಕು. ಇಷ್ಟೇ ಅದರ ಸಾರ. ಆಮೇಲೆ ನಾಯಿಗಳನ್ನು ಕುರಿತು ಕಾನೂನುಗಳೂ ಬಂದವು. ಇಪ್ಪತ್ತನೆಯ ಶತಮಾನದಲ್ಲಿ ಹುಟ್ಟಿದ ತಲೆಮಾರಿಗೆ ಅಲ್ಲಿ ಈ ರೋಗ ತೀರ ಅಪರೂಪವಾಗಿ, ಕೊನೆಗೆ ಇಲ್ಲವೇ ಆಯಿತು. ಮನುಷ್ಯರಿಗಿಂತ ಕುರಿಗಳೇ ಹೆಚ್ಚಾಗಿರುವ ನ್ಯೂಜಿಲೆಂಡ್ ಕೂಡ 2002ರಲ್ಲಿ, ಸದ್ಯಕ್ಕೆ ತನ್ನಲ್ಲಿ ಈ ರೋಗವಿಲ್ಲವೆಂದು ಸಾರಿತು.

ನಮ್ಮ ಕೈಯಲ್ಲಿರುವ ಔಷಧಿ ಕ್ರಾಬೆಯ ಕಾಲದ್ದಕ್ಕಿಂತ ಎಷ್ಟೋ ಮೇಲು. ಪ್ರಾಜಿಕ್ವಾಂಟೆಲ್ ಮಾತ್ರೆ ನಾಯಿಯ ಕರುಳಿನ ಈ ಹುಳುವನ್ನು ಪೂರ್ತಿ ಕೊಲ್ಲುತ್ತದೆ. ಹುಳು ಮೊಟ್ಟೆಯಿಡಲು ಆರೇಳು ವಾರ ಬೇಕೆಂದು ಹೇಳಿದೆನಷ್ಟೆ. ಆದ್ದರಿಂದ ಕುರಿಯ ನಂಟಿರುವ ನಾಯಿಗೆ ಆರು ವಾರಕ್ಕೊಮ್ಮೆ ಕೊಟ್ಟರೆ ಮೊಟ್ಟೆಯೇ ಹೊರಬೀಳದು. ತೂಕಕ್ಕೆ ತಕ್ಕ ಪ್ರಮಾಣವನ್ನು ಪಶುವೈದ್ಯರು ಹೇಳುತ್ತಾರೆ. ಔಷಧಿ ಕೊಟ್ಟ ಮೇಲೆ ಎರಡು ದಿನ ನಾಯಿಯನ್ನು ಕಟ್ಟಿಹಾಕಿ, ಅದರ ಮಲವನ್ನು ಆಳವಾಗಿ ಹೂಳಬೇಕು ಅಥವಾ ಸುಡಬೇಕು. ಸತ್ತ ಹುಳುವಿನೊಳಗಿನ ಮೊಟ್ಟೆ ಸತ್ತಿರುವುದಿಲ್ಲ. ಇನ್ನು ಹೊಸತೊಡಕಿನ ದಿನ ಗುಡ್ಡೆ ಹಾಕುವ ಕಡೆ ಪಾಲಿನ ಯಜಮಾನರು ಹೇಗೂ ಬೆಳಗಿನ ಜಾವದಲ್ಲೇ ಬಂದಿರುತ್ತಾರಲ್ಲ, ಮೊಣಕಾಲುದ್ದದ ಒಂದು ಗುಂಡಿಯನ್ನು ಮೊದಲೇ ತೋಡಿಸಿಡಲಿ. ಗುಳ್ಳೆಯಿರುವ ಈಲಿ, ಶ್ವಾಸಕೋಶ ಅದರೊಳಕ್ಕೆ ಹೋಗಲಿ. ಮೇಲೆ ಮಣ್ಣು, ಮಣ್ಣಿನ ಮೇಲೆ ನಾಯಿ ಕೆರೆದು ತೆಗೆಯದಂತೆ ಕಲ್ಲು. ಗುಂಡಿಗೆ ಜಾಗವಿಲ್ಲದ ಪೇಟೆಯ ಮನೆಯಾದರೆ ಅರ್ಧ ಗಂಟೆ ಚೆನ್ನಾಗಿ ಕುದಿಸಿದ ಮೇಲೆ ನಾಯಿಗೆ ಹಾಕಿದರೂ ಅಡ್ಡಿಯಿಲ್ಲ.